ಎರಚು ಬಿತ್ತನೆಯೋ, ಕೂರಿಗೆಯ ಸಾಲೋ?

ಒಂದೇ ತಾಯಿಯ ಮಕ್ಕಳಾದರೂ ಒಬ್ಬನಿದ್ದಂತೆ ಇನ್ನೊಬ್ಬನಿರುವುದಿಲ್ಲವೆಂಬುದು ನಮ್ಮ ಮನೆಮನೆಯ ಮಾತು. ಹಿರಿಯವನಿಗೆ ಅಜ್ಜನ ಮೂಗು, ಕಿರಿಯವನಿಗೆ ಅಜ್ಜಿಯ ಕಣ್ಣು, ನಡುವಿನವಳಿಗೆ ಸೋದರಮಾವನ ಮುಂಗೋಪ - ಹೀಗೆ ಹಿರಿಯರ ಆಸ್ತಿ ಹಂಚಿಹೋಗುತ್ತದೆ. ಹೊಲಮನೆಗಳ ಹಂಚಿಕೆಗೆ ಪಂಚರಿದ್ದಾರೆ, ಕಾಗದಪತ್ರವಿದೆ. ಈ ಹಂಚಿಕೆಗೆ ಪಂಚರು ಯಾರು? ಬಹುಕಾಲ ಲೋಕವು ಅದನ್ನು ದೈವದ ಇಚ್ಛೆಯೆಂದು ಸುಮ್ಮನಿದ್ದಿತು. ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಕೆಲವರು ಲೆಕ್ಕ ಕೇಳತೊಡಗಿದರು. ವಿನೋದವೆಂದರೆ, ಆ ಲೆಕ್ಕದ ಬಹುಭಾಗವನ್ನು ಒಪ್ಪಿಸಿದವು ಕೀಟಗಳು: ಮಿಡತೆ, ಹಣ್ಣುನೊಣ, ರೇಷ್ಮೆಹುಳು. ಕನ್ನಡ ಪಾಠ ಹೇಳಿಕೊಂಡಿರುವ ನನ್ನಂಥವನಿಗೆ ಈ ಕಥೆಯಲ್ಲೇನು ಕೆಲಸವೆಂದು ಓದುಗರು ಕೇಳಬಹುದು. ಯಾವ ವಿದ್ಯೆಗಾದರೂ ಒಂದು ಚರಿತ್ರೆಯುಂಟು. ಚರಿತ್ರೆಯನ್ನು ಹೇಳುವ ಹಕ್ಕು ಎಲ್ಲರಿಗೂ ಇದೆಯೆಂದು ನಂಬಿದವನು ನಾನು.

ಮೊದಲು ವಿಷಯವೇನೆಂಬುದನ್ನು ಬಿಡಿಸಿಕೊಳ್ಳೋಣ. ಪ್ರತಿಯೊಂದು ಜೀವಕೋಶದ ತಿರುಳಿನಲ್ಲಿ ದಾರದಂಥ ಕೆಲವು ವಸ್ತುಗಳಿವೆ. ಬಣ್ಣ ಹಾಕಿದರೆ ಅದನ್ನು ಚೆನ್ನಾಗಿ ಹೀರಿಕೊಂಡು ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುವುದರಿಂದ ಅವಕ್ಕೆ ಕ್ರೋಮೋಸೋಮ್ ಎಂದು ಹೆಸರಾಯಿತು. ನಮ್ಮವರು ‘ವರ್ಣತಂತು’ ಎಂದರು. ಒಳ್ಳೆಯ ಮಾತು, ಮೂಲದ ಹೆಸರಿನಲ್ಲಿ ಬಣ್ಣದ ಜೊತೆಗೆ ಮೈ ಇದ್ದರೆ ಕನ್ನಡದ ಹೆಸರಿನಲ್ಲಿ ಬಣ್ಣದ ಜೊತೆಗೆ ಎಳೆ ಸೇರಿಕೊಂಡಿದೆ. ಈ ತಂತುಗಳು ಜೋಡಿಜೋಡಿಯಾಗಿರುತ್ತವೆ: ಒಂದು ತಂದೆಯಿಂದ ಬಂದದ್ದು, ಇನ್ನೊಂದು ತಾಯಿಯಿಂದ ಬಂದದ್ದು. ವಂಶಗುಣಗಳನ್ನು ಹೊತ್ತ ಜೀನುಗಳು ಈ ದಾರದ ಮೇಲೆ ಮಣಿಗಳಂತೆ ಸಾಲಾಗಿವೆಯೆಂದು ಸದ್ಯಕ್ಕೆ ತಿಳಿಯೋಣ.

ಮೊಟ್ಟೆಯೋ ವೀರ್ಯಾಣುವೋ ಹುಟ್ಟಬೇಕಾದಾಗ ಜೋಡಿಯಲ್ಲಿ ಒಂದೊಂದೇ ಹೋಗಬೇಕು. ಇಲ್ಲವಾದರೆ ತಲೆಮಾರಿನಿಂದ ತಲೆಮಾರಿಗೆ ತಂತುಗಳು ಇಮ್ಮಡಿಯಾಗುತ್ತ ಹೋದಾವು. ಸಂಖ್ಯೆಯನ್ನು ಅರ್ಧಕ್ಕಿಳಿಸುವ ಈ ವಿಭಜನೆಗೆ ಮಿಯಾಸಿಸ್ ಎಂದು ಹೆಸರು. ಬೇರೆಯಾಗುವ ಮುನ್ನ ಜೋಡಿಯ ಎರಡು ತಂತುಗಳು ಒಂದರ ಪಕ್ಕದಲ್ಲೊಂದು ಉದ್ದಕ್ಕೂ ಅಂಟಿಕೊಳ್ಳುತ್ತವೆ. ಆಗ ಒಂದೊಂದೂ ಎರಡೆಳೆಯಾಗಿರುವುದರಿಂದ ಒಟ್ಟು ನಾಲ್ಕು ಎಳೆ. ಅವುಗಳಲ್ಲಿ ತಂದೆಯ ಕಡೆಯ ಒಂದೆಳೆ, ತಾಯಿಯ ಕಡೆಯ ಒಂದೆಳೆ ಒಂದೇ ಜಾಗದಲ್ಲಿ ಕಡಿದು, ಅದರ ತುಂಡು ಇದಕ್ಕೆ, ಇದರ ತುಂಡು ಅದಕ್ಕೆ ಕೂಡಿಕೊಳ್ಳುತ್ತವೆ. ಇದೇ ಅಡ್ಡಹಾಯುವಿಕೆ. ಅಜ್ಜನ ಮೂಗೂ ಅಜ್ಜಿಯ ಕಣ್ಣೂ ಒಂದೇ ತಂತುವನ್ನೇರಿ ಮೊಮ್ಮಗನನ್ನು ತಲುಪಬಹುದಾದ ದಾರಿಯೂ ಇದೇ.

ಈಗ ಪ್ರಶ್ನೆ. ಈ ಕಡಿತ ಎಲ್ಲಿ ಬೀಳುತ್ತದೆ? ನಮ್ಮ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳ ಕಡೆಯ ರೈತನಿಗೆ ಎರಡು ಬಗೆಯ ಬಿತ್ತನೆ ಗೊತ್ತು. ಬೀಜವನ್ನು ಕೈಯಿಂದ ಎರಚಿದರೆ ಒಂದೆಡೆ ಗುಂಪು, ಒಂದೆಡೆ ಬಯಲು. ಕೂರಿಗೆಯಲ್ಲಿ ಬಿತ್ತಿದರೆ ಸಾಲಿಗೂ ಸಾಲಿಗೂ ತಕ್ಕ ಅಂತರ. ವರ್ಣತಂತುವಿನ ಮೇಲೆ ಅಡ್ಡಹಾಯುವ ಜಾಗಗಳನ್ನು ಪ್ರಕೃತಿಯು ಎರಚಿದೆಯೋ, ಕೂರಿಗೆಯಲ್ಲಿ ಬಿತ್ತಿದೆಯೋ? ಒಂದು ಶತಮಾನಕ್ಕೂ ಮೀರಿದ ಸಂಶೋಧನೆಯ ಚರಿತ್ರೆ ಈ ಒಂದು ಪ್ರಶ್ನೆಯ ಸುತ್ತ ನಡೆದಿದೆ.

ಕಥೆ ಮಿಡತೆಯಿಂದ ಮೊದಲಾಗುತ್ತದೆ. ಅಮೆರಿಕೆಯ ಕಾನ್ಸಾಸ್ ಪ್ರಾಂತದ ಒಕ್ಕಲು ಮನೆತನದ ಹುಡುಗ ವಾಲ್ಟರ್ ಸಟನ್ ಎಂಬವನು ಅಲ್ಲಿಯ ಹುಲ್ಲುಗಾವಲಿನ ದಪ್ಪ ಮಿಡತೆಯೊಂದನ್ನು ಆರಿಸಿಕೊಂಡ. ಅದರ ತಂತುಗಳು ದೊಡ್ಡವು, ಉದ್ದದಲ್ಲಿ ಒಂದಕ್ಕೊಂದು ಬೇರೆ. ಹೀಗಾಗಿ ಒಂದೊಂದರ ಗುರುತು ಹಿಡಿಯಬಹುದು. ಗಂಡಿನಲ್ಲಿ ಹನ್ನೊಂದು ಜೋಡಿ, ಜೊತೆಗೆ ಒಂಟಿಯಾದ ಮತ್ತೊಂದು. ಜೋಡಿಗಳು ಕೂಡುವುದನ್ನೂ ಅಗಲುವುದನ್ನೂ ಕಂಡು, ಮೆಂಡೆಲನು ಹೇಳಿದ ವಂಶನಿಯಮಗಳು ಈ ತಂತುಗಳ ನಡೆಯಿಂದಲೇ ಹುಟ್ಟುತ್ತವೆಂದು 1902-03ರಲ್ಲಿ ಅವನು ಸಾರಿದ. ಆಮೇಲೆ ಅವನು ಶಸ್ತ್ರವೈದ್ಯನಾಗಿ ಬೇರೆ ಹಾದಿ ಹಿಡಿದು, ನಾಲ್ವತ್ತು ತುಂಬುವ ಮೊದಲೇ ತೀರಿಕೊಂಡ.

ಎರಡನೆಯ ಹೆಜ್ಜೆಯನ್ನಿಟ್ಟವನು ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾಲಯದ ಒಬ್ಬ ಪಾದ್ರಿ, ಯಾನ್ಸೆನ್ಸ್. 1909ರಲ್ಲಿ ಅವನು, ಕೂಡಿದ ತಂತುಗಳು ಅಗಲುವಾಗ ಅಲ್ಲಲ್ಲಿ ಕತ್ತರಿಯ ಆಕಾರದಲ್ಲಿ ಅಂಟಿಕೊಂಡೇ ಇರುವುದನ್ನು ಗಮನಿಸಿದ. ಅದಕ್ಕೆ ಗ್ರೀಕರ ಅಕ್ಷರವೊಂದರ ಆಕಾರದಿಂದ ಕಯಾಸ್ಮ ಎಂದು ಹೆಸರು. ನಾವು ಇಲ್ಲಿ ‘ಕತ್ತರಿ’ ಎಂದೇ ಕರೆಯೋಣ. ಎಳೆಗಳು ಕಡಿದು ಕೂಡಿದ ಜಾಗಗಳೇ ಈ ಕತ್ತರಿಗಳೆಂದು ಅವನ ವಾದ. ಆಗ ಅವನು ನೋಡಿದ್ದು ಸಲಮಾಂಡರ್ ಎಂಬ, ಹಲ್ಲಿಯನ್ನು ಹೋಲುವ ಪ್ರಾಣಿಯನ್ನು. ಅವನ ಕಾಲದ ಪಂಡಿತರಲ್ಲಿ ಹಲವರು ತಲೆಯಾಡಿಸಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಾಣುವುದು ಎಳೆಗಳ ಸಿಕ್ಕು ಮಾತ್ರ, ಅದಲುಬದಲು ಅಲ್ಲವೆಂದರು.

ನಂಬಿದವನೊಬ್ಬನಿದ್ದ: ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟಿ. ಎಚ್. ಮಾರ್ಗನ್. ಅವನ ಕೋಣೆಯಲ್ಲಿ ಹಾಲಿನ ಬಾಟಲಿಗಳ ತುಂಬ ಹಣ್ಣುನೊಣಗಳು - ಮಾಗಿದ ಬಾಳೆಹಣ್ಣಿನ ಮೇಲೆ ನಮ್ಮ ಅಡಿಗೆಮನೆಯಲ್ಲಿಯೂ ಮುತ್ತುವ ಸಣ್ಣ ಜೀವಿಗಳ ಬಳಗ. ಒಂದೇ ತಂತುವಿನ ಮೇಲಿರುವ ಎರಡು ಗುಣಗಳು ಕೆಲವು ಮರಿಗಳಲ್ಲಿ ಬೇರೆಬೇರೆಯಾಗಿ ಬರುವುದಕ್ಕೆ ಯಾನ್ಸೆನ್ಸನ ಕತ್ತರಿಯೇ ಕಾರಣವೆಂದು ಅವನು 1911ರಲ್ಲಿ ಬರೆದ. ಅದೇ ವರ್ಷ ಅವನ ವಿದ್ಯಾರ್ಥಿ ಸ್ಟರ್ಟಿವೆಂಟ್ ಎಂಬ ಹತ್ತೊಂಬತ್ತರ ತರುಣನಿಗೊಂದು ಯೋಚನೆ ಹೊಳೆಯಿತು. ಎರಡು ಜೀನುಗಳು ದೂರವಿದ್ದರೆ ನಡುವೆ ಕಡಿತ ಬೀಳುವ ಸಂಭವ ಹೆಚ್ಚು, ಹತ್ತಿರವಿದ್ದರೆ ಕಡಿಮೆ. ಹಾಗಾದರೆ ಬೇರೆಯಾಗುವ ಮರಿಗಳ ಪ್ರಮಾಣದಿಂದ ಜೀನುಗಳ ದೂರವನ್ನು ಅಳೆಯಬಹುದಲ್ಲವೆ? ಕಾಲೇಜಿನ ಮನೆಪಾಠವನ್ನು ಬದಿಗಿಟ್ಟು ಒಂದೇ ರಾತ್ರಿಯಲ್ಲಿ ಅವನು ವರ್ಣತಂತುವಿನ ಮೊದಲ ಭೂಪಟವನ್ನು ಬರೆದ. 1913ರಲ್ಲಿ ಅದು ಅಚ್ಚಾಯಿತು. ಕಣ್ಣಿಗೆ ಕಾಣದ ಜೀನುಗಳನ್ನು, ನೊಣಗಳನ್ನು ಎಣಿಸುವುದರಿಂದಲೇ, ಮೈಲಿಗಲ್ಲುಗಳಂತೆ ಸಾಲಾಗಿ ನಿಲ್ಲಿಸಿದ ಸಾಹಸವದು.

ಈ ಭೂಪಟವೇ ನಮ್ಮ ಪ್ರಶ್ನೆಯನ್ನು ಎತ್ತಿತು. ಒಂದು ತುಂಡಿನಲ್ಲಿ ನೂರಕ್ಕೆ ಹತ್ತು ಬಾರಿ ಅಡ್ಡಹಾಯುತ್ತದೆ, ಅದರ ಪಕ್ಕದ ತುಂಡಿನಲ್ಲಿಯೂ ನೂರಕ್ಕೆ ಹತ್ತು ಬಾರಿ ಎಂದುಕೊಳ್ಳಿ. ಎರಚಿದ ಬೀಜದಂತೆ ಬೀಳುವುದಾದರೆ ನೂರರಲ್ಲಿ ಒಂದು ಬಾರಿ ಎರಡೂ ಕಡೆ ಒಟ್ಟಿಗೆ ಬೀಳಬೇಕು. ಆದರೆ ಹಣ್ಣುನೊಣದಲ್ಲಿ ಅಷ್ಟು ಹತ್ತಿರದ ಎರಡು ಜಾಗಗಳಲ್ಲಿ ಒಟ್ಟಿಗೆ ಅಡ್ಡಹಾಯುವುದು ತೀರ ಅಪರೂಪ. ಒಂದು ಕಡಿತ ಬಿದ್ದಿತೆಂದರೆ ಅದು ತನ್ನ ಆಸುಪಾಸಿನಲ್ಲಿ ಇನ್ನೊಂದನ್ನು ಬೀಳಗೊಡದು! ಮಾರ್ಗನನ ಬಳಗದ ಮುಲ್ಲರ್ 1916ರಲ್ಲಿ ಇದಕ್ಕೆ ‘ಅಡ್ಡಿ’ ಎಂಬರ್ಥದ ಹೆಸರನ್ನಿಟ್ಟ. ಅಂದರೆ ಕೂರಿಗೆಯ ಪಕ್ಷಕ್ಕೆ ಮೊದಲ ಸಾಕ್ಷಿ ದೊರೆಯಿತು.

ಇಲ್ಲಿ ಭರತಖಂಡದ ಚರಿತ್ರೆಗೆ ಸೇರಿದ ಇಬ್ಬರು ಪ್ರವೇಶಿಸುತ್ತಾರೆ. ಒಬ್ಬ ಇಂಗ್ಲೆಂಡಿನ ಜೆ. ಬಿ. ಎಸ್. ಹಾಲ್ಡೇನ್. ಎಣಿಸಿದ ಮರಿಗಳಿಂದ ತಂತುವಿನ ದೂರವನ್ನು ಕಂಡುಹಿಡಿಯಲು 1919ರಲ್ಲಿ ಆತ ಒಂದು ಸೂತ್ರ ಕೊಟ್ಟ. ಅಡ್ಡಹಾಯುವಿಕೆಗಳು ಒಂದರ ಗೊಡವೆ ಒಂದಕ್ಕಿಲ್ಲದೆ ಬೀಳುತ್ತವೆಂಬ ಲೆಕ್ಕದ ಮೇಲೆ ನಿಂತದ್ದದು - ಎರಚು ಬಿತ್ತನೆಯ ಗಣಿತ. ಇದೇ ಹಾಲ್ಡೇನ್ 1957ರಲ್ಲಿ ಇಂಗ್ಲೆಂಡನ್ನು ಬಿಟ್ಟು ಕಲ್ಕತ್ತೆಗೆ ಬಂದು, ಭಾರತದ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ. ಇನ್ನೊಬ್ಬರು ಗೋವೆಯಲ್ಲಿ ಹುಟ್ಟಿದ ದಾಮೋದರ ಧರ್ಮಾನಂದ ಕೋಸಂಬಿ. ಭಾರತದ ಪ್ರಾಚೀನ ಚರಿತ್ರೆಗೆ ಹೊಸ ದೃಷ್ಟಿ ಕೊಟ್ಟವರೆಂದು ನಮ್ಮ ಚರಿತ್ರೆಯ ವಿದ್ಯಾರ್ಥಿಗಳು ಅವರನ್ನು ಬಲ್ಲರು. ಅದೇ ಕೋಸಂಬಿಯವರು 1944ರಲ್ಲಿ, ನೆರೆಯ ಕಡಿತಗಳ ಅಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯುವ ಸೂತ್ರವೊಂದನ್ನು ರಚಿಸಿದರು. ಇಂದಿಗೂ ಲೋಕದಲ್ಲೆಲ್ಲ ಜೀನುಗಳ ಭೂಪಟ ಬರೆಯುವವರು ‘ಹಾಲ್ಡೇನ್ ಲೆಕ್ಕವೋ, ಕೋಸಂಬಿ ಲೆಕ್ಕವೋ’ ಎಂದು ಆರಿಸಿಕೊಳ್ಳುತ್ತಾರೆ. ಶಾಸನ, ನಾಣ್ಯಗಳನ್ನು ಓದಿದ ಕೈಯೇ ವರ್ಣತಂತುವಿನ ದೂರವನ್ನೂ ಅಳೆಯಿತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹುಡುಗರಿಗೆ ಹೇಳಬೇಡವೆ?

ಇತ್ತ ಯಾನ್ಸೆನ್ಸನ ಕತ್ತರಿ ನಿಜವೆಂಬುದಕ್ಕೆ ಕಣ್ಣಾರೆ ಕಾಣುವ ಪುರಾವೆ 1931ರಲ್ಲಿ ಬಂದಿತು: ಮುಸುಕಿನ ಜೋಳದಲ್ಲಿ ಹ್ಯಾರಿಯೆಟ್ ಕ್ರೇಟನ್ ಮತ್ತು ಬಾರ್ಬರಾ ಮೆಕ್ಲಿಂಟಾಕ್ ಎಂಬ ಇಬ್ಬರು ಸ್ತ್ರೀಯರಿಂದ, ಹಣ್ಣುನೊಣದಲ್ಲಿ ಕರ್ಟ್ ಸ್ಟರ್ನನಿಂದ. ಪಾದ್ರಿ ಅದನ್ನು ನೋಡಲು ಬದುಕಿರಲಿಲ್ಲ, 1924ರಲ್ಲೇ ತೀರಿಕೊಂಡಿದ್ದ. ಆದರೆ ಅದೇ ವರ್ಷ ಅವನ ಇನ್ನೊಂದು ದೊಡ್ಡ ಲೇಖನ ಹೊರಬಂದಿದ್ದಿತು. ಈ ಸಲ ಅವನು ಮಿಡತೆಗಳ ಕಡೆಗೆ ತಿರುಗಿದ್ದ. ಯೂರೋಪಿನ ಜವುಗುಹುಲ್ಲಿನಲ್ಲಿರುವ ಒಂದು ದೊಡ್ಡ ಮಿಡತೆಯ ಗಂಡಿನಲ್ಲಿ ಕತ್ತರಿಗಳು ತಂತುವಿನ ಉದ್ದಕ್ಕೂ ಹರಡದೆ ಒಂದೇ ತುದಿಯ ಕಡೆ ಸೇರಿಕೊಂಡಿರುತ್ತವೆ. ಕೋಶ ಒಡೆಯುವಾಗ ತಂತುವನ್ನು ಎಳೆದೊಯ್ಯಲು ಒಂದು ಹಿಡಿಕೆಯಂಥ ಭಾಗವುಂಟು. ಈ ಕತ್ತರಿಗಳು ಅದರ ಮಗ್ಗುಲಲ್ಲಿಯೇ ಬೀಳುತ್ತವೆ. ಸಾಮಾನ್ಯ ಮಿಡತೆಗಳಲ್ಲಾದರೋ ಉದ್ದ ತಂತುವಿಗೆ ಎರಡು ಮೂರು, ಗಿಡ್ಡದಕ್ಕೆ ಒಂದು, ಅವೂ ಹರವಾಗಿ. 1936ರಲ್ಲಿ ಮೈಕೇಲ್ ವೈಟ್ ಎಂಬ ವಿದ್ವಾಂಸ ಇದೇ ಜವುಗಿನ ಮಿಡತೆಯನ್ನು ಮತ್ತೆ ಕೈಗೆತ್ತಿಕೊಂಡ. ಮುಂದೆ 1970ರ ದಶಕದಲ್ಲಿ ಇದರ ಹೆಣ್ಣನ್ನೂ ನೋಡಿದಾಗ ಆಶ್ಚರ್ಯವೊಂದು ಕಾದಿತ್ತು: ಹೆಣ್ಣಿನಲ್ಲಿ ಕತ್ತರಿಗಳು ತಂತುವಿನ ಉದ್ದಕ್ಕೂ ಹರಡಿವೆ! ಗಂಡಿನಲ್ಲಿ ಉದ್ದ ತಂತುಗಳು ಪೂರ್ತಿ ಅಂಟಿಕೊಳ್ಳುವುದೇ ಇಲ್ಲ, ಹಿಡಿಕೆಯ ಬಳಿ ಮಾತ್ರ ಕೂಡುತ್ತವೆಂಬುದು ಕಾರಣವಾಗಿ ಕಂಡಿತು. ಒಂದೇ ಜಾತಿ, ಅದೇ ತಂತುಗಳು. ಗಂಡಿನ ಮೈಯಲ್ಲಿ ಒಂದು ಬಿತ್ತನೆ, ಹೆಣ್ಣಿನ ಮೈಯಲ್ಲಿ ಇನ್ನೊಂದು ಬಿತ್ತನೆ.

ಇದಕ್ಕೂ ಮಿಗಿಲಾದ ವಿಚಿತ್ರವನ್ನು ಮಾರ್ಗನ್ 1912ರಲ್ಲೇ ಕಂಡಿದ್ದ. ಹಣ್ಣುನೊಣದ ಗಂಡಿನಲ್ಲಿ ಅಡ್ಡಹಾಯುವಿಕೆಯೇ ಇಲ್ಲ. ತಂತುಗಳು ಇಡಿಯಾಗಿ ಮರಿಗೆ ಸಾಗುತ್ತವೆ. ಇದನ್ನು ಕೇಳಿದವರು ‘ಗಂಡುಗಳ ಲಕ್ಷಣವೇ ಇದು’ ಎಂದುಕೊಳ್ಳುವಷ್ಟರಲ್ಲಿ ಜಪಾನಿನಿಂದ ತಿರುಗುಬಾಣ ಬಂದಿತು. 1913-14ರ ಸುಮಾರಿನಲ್ಲಿ ತನಾಕಾ ಎಂಬ ಪಂಡಿತನು ರೇಷ್ಮೆಹುಳುವಿನಲ್ಲಿ ಇದಕ್ಕೆ ತೀರ ಉಲ್ಟಾ ಸಂಗತಿಯನ್ನು ತೋರಿಸಿದ: ಗಂಡಿನಲ್ಲಿ ಅಡ್ಡಹಾಯುತ್ತದೆ, ಹೆಣ್ಣಿನಲ್ಲಿ ಇಲ್ಲ. ಹಣ್ಣುನೊಣದಲ್ಲಿ ಲಿಂಗವನ್ನು ನಿರ್ಣಯಿಸುವ ಜೋಡಿ ಗಂಡಿನಲ್ಲಿ ಸರಿಯಾಗಿ ಹೊಂದುವುದಿಲ್ಲ. ರೇಷ್ಮೆಹುಳುವಿನಲ್ಲಿ ಹೆಣ್ಣಿನದು ಹೊಂದುವುದಿಲ್ಲ. ಬೆಸವಾದ ಜೋಡಿ ಯಾರಲ್ಲಿದೆಯೋ ಅವರಲ್ಲೇ ಅಡ್ಡಹಾಯುವಿಕೆ ನಿಲ್ಲುತ್ತದೆಂದು 1922ರಲ್ಲಿ ಹಾಲ್ಡೇನನೂ 1928ರಲ್ಲಿ ಜೂಲಿಯನ್ ಹಕ್ಸ್‌ಲಿಯೂ ನಿಯಮ ಹೇಳಿದರು. ನಿಯಮ ಹುಟ್ಟಿದ ಕೂಡಲೆ ಅಪವಾದವೂ ಹುಟ್ಟಬೇಕಷ್ಟೆ? ಬಿಸಿನಾಡುಗಳಲ್ಲೆಲ್ಲ ಕಾಣುವ, ನಮ್ಮಲ್ಲಿಯೂ ಧಾರಾಳವಾಗಿರುವ ಅನನಾಸ್ಸೆ ಎಂಬ ಜಾತಿಯ ಹಣ್ಣುನೊಣದಲ್ಲಿ ಗಂಡೂ ಅಡ್ಡಹಾಯಿಸುತ್ತದೆಂದು 1937ರಲ್ಲಿ ಜಪಾನಿನವರು ಕಂಡರು. ಈ ನೊಣದ ಮೇಲೆ ವಾರಾಣಸಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಕೆಲಸ ನಡೆಯಿತು. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಎಂ. ಆರ್. ರಾಜಶೇಖರಶೆಟ್ಟರು ಹಣ್ಣುನೊಣಗಳ ಅಭ್ಯಾಸಕ್ಕೆ ಒಂದು ಪರಂಪರೆಯನ್ನೇ ಕಟ್ಟಿದರು; 1968ರಲ್ಲಿ ಅಲ್ಲಿಯವರು ವರ್ಣಿಸಿದ ಒಂದು ನೊಣಕ್ಕೆ ಅವರ ಹೆಸರನ್ನೇ ಇಟ್ಟರು.

ಇದೆಲ್ಲ ಪಂಡಿತರ ವಿನೋದ, ಇದರಿಂದ ಉಣ್ಣುವ ಬಾಯಿಗೇನು ಬಂತು ಎನ್ನುವವರು ರಾಮನಗರ, ಶಿಡ್ಲಘಟ್ಟಗಳ ಗೂಡಿನ ಮಾರುಕಟ್ಟೆಗೆ ಹೋಗಿಬರಬೇಕು. ರೇಷ್ಮೆ ನಮ್ಮ ನಾಡಿನ ಅನ್ನ. ಟಿಪ್ಪೂ ಸುಲ್ತಾನನ ಕಾಲದಿಂದ ಬೆಳೆದು ಬಂದ ಕಸುಬು ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಕುಗ್ಗಿದ್ದಿತು. ಜಪಾನಿನಲ್ಲಿ ತನಾಕಾ ಹುಳುಗಳನ್ನು ಎಣಿಸುತ್ತಿದ್ದ ಅದೇ ವರ್ಷಗಳಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸರ್ಕಾರವು ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನನ್ನು ಕರೆಸಿಕೊಂಡಿತು. ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಕ್ಷೇತ್ರವಾಯಿತು. ಮುಂದೆ 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ, 1961ರಲ್ಲಿ ಮೈಸೂರಿನ ಸಂಶೋಧನಾಲಯ ಬಂದವು.

ಇವರೆಲ್ಲರ ಎದುರಿಗಿದ್ದ ತೊಡಕು ಒಂದೇ. ನಮ್ಮ ಹಳೆಯ ಮೈಸೂರು ತಳಿ ಬಿಸಿಲು ರೋಗಗಳನ್ನು ತಡೆದು ಬದುಕುವ ಗಟ್ಟಿ ಹುಳು. ಆದರೆ ಅದರ ಹಸಿರುಹಳದಿ ಗೂಡಿನ ನೂಲು ಗಿಡ್ಡ. ಚಳಿನಾಡಿನಿಂದ ಬಂದ ದ್ವಿತಳಿಯ ಹುಳುವಿನ ನೂಲು ಉದ್ದ, ಮೈ ಮಾತ್ರ ನಾಜೂಕು. ಎರಡನ್ನೂ ಕೂಡಿಸಿದ ಮಿಶ್ರತಳಿಯನ್ನು ನಮ್ಮ ರೈತ ದಶಕಗಳಿಂದ ಸಾಕುತ್ತಾನೆ. ಮೈಸೂರು ತಳಿಯ ಹೆಣ್ಣು ಪತಂಗಕ್ಕೆ ದ್ವಿತಳಿಯ ಗಂಡನ್ನು ಕೂಡಿಸಿ ಪಡೆದ ಮೊಟ್ಟೆ ಅದು. ಅದರ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿಹೋಗುವುದರಿಂದ ರೈತ ಪ್ರತಿ ಬೆಳೆಗೂ ಹೊಸ ಮೊಟ್ಟೆ ಕೊಳ್ಳಬೇಕು. ಗಟ್ಟಿತನವೂ ಉದ್ದ ನೂಲೂ ಒಂದೇ ತಳಿಯಲ್ಲಿ ನೆಲೆಯಾಗಬೇಕಾದರೆ, ಆ ಗುಣಗಳ ಜೀನುಗಳು ಒಂದೇ ತಂತುವಿನ ಮೇಲೆ ಬೇಡದ ನೆಂಟರೊಡನೆ ಕುಳಿತಿದ್ದಲ್ಲಿ, ನಡುವೆ ಸರಿಯಾದ ಜಾಗದಲ್ಲಿ ಕಡಿತ ಬೀಳಬೇಕು. ಆ ಕಡಿತ ಮಿಶ್ರತಳಿಯ ಹೆಣ್ಣಿನಲ್ಲಿ ಎಂದೂ ಬೀಳದು. ಅವಳು ತನ್ನ ಇಪ್ಪತ್ತೆಂಟು ಜೋಡಿಗಳಲ್ಲಿ ಒಂದೊಂದನ್ನು ಇಡಿಯಾಗಿಯೇ ಮಕ್ಕಳಿಗೆ ಕೊಡುತ್ತಾಳೆ. ಬೆರಕೆಯಾಗಬೇಕಾದುದೆಲ್ಲ ಗಂಡಿನ ಮೂಲಕವೇ ಆಗಬೇಕು. ಇದು ತಿಳಿದ ತಳಿಗಾರನು ಜೀನು ಯಾವ ತಂತುವಿನಲ್ಲಿದೆಯೆಂಬುದನ್ನು ಹೆಣ್ಣಿನಿಂದಲೂ, ಆ ತಂತುವಿನಲ್ಲಿ ಎಲ್ಲಿದೆಯೆಂಬುದನ್ನು ಗಂಡಿನಿಂದಲೂ ಕಂಡುಕೊಳ್ಳುತ್ತಾನೆ. ಒಂದನ್ನು ಕೂಡಿಟ್ಟು ಕೊಡುವ ತಾಯಿ, ಇನ್ನೊಂದನ್ನು ಬಿಡಿಸಿ ಬೆರೆಸುವ ತಂದೆ: ಎರಡೂ ಬೇಕು.

ಹಾಗಾದರೆ ಅಂತರವನ್ನು ಕಾಯುವ ಕೂರಿಗೆ ಎಲ್ಲಿದೆ? 1956ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು, ಕೂಡಿದ ತಂತುಗಳ ನಡುವೆ ಏಣಿಯಂಥ ಒಂದು ಕಟ್ಟಡವಿರುವುದನ್ನು ತೋರಿಸಿತು. 1975ರಲ್ಲಿ ಅಡಿಲೇಡ್ ಕಾರ್ಪೆಂಟರ್ ಎಂಬಾಕೆ ಹೆಣ್ಣು ಹಣ್ಣುನೊಣದಲ್ಲಿ ಈ ಏಣಿಯ ಮೇಲೆ ಸಣ್ಣ ಗುಳಿಗೆಗಳಂಥ ಚುಕ್ಕೆಗಳನ್ನು ಕಂಡಳು. ಅವುಗಳ ಸಂಖ್ಯೆಯೂ ಜಾಗವೂ ಅಡ್ಡಹಾಯುವಿಕೆಗಳ ಲೆಕ್ಕಕ್ಕೆ ತಾಳೆಯಾದವು. ರೇಷ್ಮೆಹುಳುವಿನ ಹೆಣ್ಣಿನಲ್ಲಿಯೂ ಈ ಏಣಿ ಇದೆ. ಅಡ್ಡಹಾಯುವಿಕೆಯಿಲ್ಲದ ಆ ತಂತುಗಳು ಅಗಲುವ ತನಕ ದಿಕ್ಕುತಪ್ಪದಂತೆ ಹಿಡಿದಿಡಲು ಅದೇ ಏಣಿ ರೂಪ ಬದಲಾಯಿಸಿಕೊಂಡು ಉಳಿಯುತ್ತದೆಂದು 1977ರಲ್ಲಿ ರಾಸ್ಮುಸೆನ್ ಎಂಬ ವಿಜ್ಞಾನಿ ತೋರಿಸಿದ. ಏಕೆಂದರೆ ಕತ್ತರಿಯ ಕೆಲಸ ಬೆರಕೆಯೊಂದೇ ಅಲ್ಲ. ಜೋಡಿಯನ್ನು ಸಮಯ ಬರುವವರೆಗೆ ಬಂಧಿಸಿಡುವುದೂ ಅದರ ಕೆಲಸ. ಬಂಧ ತಪ್ಪಿದರೆ ಎರಡು ತಂತುಗಳೂ ಒಂದೇ ಕಡೆಗೆ ಹೋಗಿಬಿಡಬಹುದು. ಮನುಷ್ಯರಲ್ಲಿ ಎಷ್ಟೋ ಗರ್ಭಪಾತಗಳ ಹಿಂದೆ, ಡೌನ್ ಸಿಂಡ್ರೋಮ್‌ನೊಡನೆ ಹುಟ್ಟುವ ಮಕ್ಕಳ ಹಿಂದೆ ಇರುವುದು ಇಂಥ ದಿಕ್ಕುತಪ್ಪಿದ ಹಂಚಿಕೆಯೇ. ‘ಜೋಡಿಗೆ ಒಂದಾದರೂ ಇರಲಿ, ಒಂದರ ಮಗ್ಗುಲಲ್ಲಿ ಇನ್ನೊಂದು ಬೇಡ’ ಎಂಬ ಕಟ್ಟಳೆ ಏಕೆಂಬುದು ಇಲ್ಲಿ ಅರ್ಥವಾಗುತ್ತದೆ.

ಇನ್ನೂ ಹತ್ತಿರ ಹೋದಾಗ ಹೊಸ ಸಂಗತಿ ತೋರಿತು. ಎಳೆಯನ್ನು ಕಡಿಯುವ ಕಾರುಬಾರಿಯನ್ನು 1997ರಲ್ಲಿ ಹುದುಗಿನ ಕಣದಲ್ಲಿಯೂ ಮರುವರ್ಷ ಹಣ್ಣುನೊಣದಲ್ಲಿಯೂ ಗುರುತಿಸಿದರು. ಅದು ಕಡಿಯುವ ಜಾಗಗಳು ಹಲವು. ಅವುಗಳಲ್ಲಿ ಅಡ್ಡಹಾಯುವಿಕೆಯಾಗಿ ಮುಗಿಯುವವು ಕೆಲವೇ. ಉಳಿದವು ಸದ್ದಿಲ್ಲದೆ ಬೆಸೆದುಹೋಗುತ್ತವೆ. ಅಂದರೆ ನಮ್ಮ ಪ್ರಶ್ನೆಯ ಎರಡು ಉತ್ತರಗಳೂ ಅರ್ಧರ್ಧ ಸರಿ! ಒತ್ತಾಗಿ ಎರಚಿ, ಸಸಿ ಎದ್ದ ಮೇಲೆ ಅಂತರ ನೋಡಿ ಹೆಚ್ಚಿನದನ್ನು ಕಿತ್ತು ತೆಗೆಯುವ ಒಕ್ಕಲಿಗನ ರೀತಿ ಇದು. ಕೀಳುವವರು ಯಾರು? 2021ರಲ್ಲಿ ಒಂದು ಸಣ್ಣ ಸಸ್ಯದ ಮೇಲಿನ ಸಂಶೋಧನೆ ಸೊಗಸಾದ ಉತ್ತರವನ್ನು ಮುಂದಿಟ್ಟಿತು. ಏಣಿಯ ಉದ್ದಕ್ಕೂ ಹರಿದಾಡುವ ಒಂದು ಪ್ರೋಟೀನು ಮೊದಲು ಅನೇಕ ಹನಿಗಳಾಗಿ ಕೂಡುತ್ತದೆ. ಬರಬರುತ್ತ ಸಣ್ಣ ಹನಿ ಕರಗಿ ದೊಡ್ಡ ಹನಿ ಬೆಳೆಯುತ್ತದೆ - ಸಾರಿನ ಮೇಲಿನ ಎಣ್ಣೆಯ ಚಿಕ್ಕೆಗಳು ಕಡಿಮೆಯಾಗಿ ದೊಡ್ಡವು ಉಳಿಯುವಂತೆ. ಉಳಿದ ದೊಡ್ಡ ಹನಿಯಿದ್ದಲ್ಲಿ ಅಡ್ಡಹಾಯುತ್ತದೆ. ಕೀಟಗಳಲ್ಲಿಯೂ ಹೀಗೆಯೇ ನಡೆಯುತ್ತದೆಂದು ಇಷ್ಟರಿಂದಲೇ ತೀರ್ಮಾನಿಸುವುದು ತರವಲ್ಲ. ಒಂದು ಜೀವಿಯ ನಿಯಮವನ್ನು ಎಲ್ಲಕ್ಕೂ ಹೊದಿಸಿದವರನ್ನು ಕೀಟಗಳು ಹೇಗೆ ಆಟವಾಡಿಸಿದವೆಂಬುದನ್ನು ನೋಡಿದೆವಷ್ಟೆ. ರಾಣಿಜೇನಿನ ಮಾತು ಕೇಳಿ: ಅದರಲ್ಲಿ ಅಡ್ಡಹಾಯುವಿಕೆಯ ಪ್ರಮಾಣ, ತಂತುವಿನ ಅಳತೆಗೆ ಹೋಲಿಸಿದರೆ, ಮನುಷ್ಯರದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಗಂಡುಜೇನಿಗೆ ತಂದೆಯೇ ಇಲ್ಲ, ಜೋಡಿಯೂ ಇಲ್ಲ. ಆದ್ದರಿಂದ ಬೆರಕೆಯ ಭಾರವೆಲ್ಲ ರಾಣಿಯದೇ. ಹವೆಯ ಪ್ರಭಾವವೂ ಉಂಟು. ಚಳಿ ಹೆಚ್ಚಿದರೂ ಬಿಸಿ ಹೆಚ್ಚಿದರೂ ಹಣ್ಣುನೊಣದ ಒಂದು ತಂತುವಿನಲ್ಲಿ ಹಿಡಿಕೆಯ ಸುತ್ತ ಅಡ್ಡಹಾಯುವುದು ಹೆಚ್ಚುತ್ತದೆಂದು ಪ್ಲೌ ಎಂಬವನು 1917ರಲ್ಲೇ ತೋರಿಸಿದ್ದ.

ಈ ಚರಿತ್ರೆಯನ್ನು ಓದುತ್ತ ನನಗೆ ಬಲವಾಗಿ ತೋರಿದ್ದು ಇದು. ಸಟನ್ ಆರಿಸಿಕೊಂಡದ್ದು ತನ್ನೂರಿನ ಹುಲ್ಲಿನ ಮಿಡತೆಯನ್ನು. ತನಾಕಾ ಆರಿಸಿಕೊಂಡದ್ದು ತನ್ನ ನಾಡಿನ ಕಸುಬಿನ ಹುಳುವನ್ನು. ದೊಡ್ಡ ಪ್ರಶ್ನೆಗೆ ದೂರದ ಪ್ರಾಣಿ ಬೇಕೆಂದು ಅವರು ಕಾಯಲಿಲ್ಲ. ನಮ್ಮ ವಿದ್ಯಾರ್ಥಿಗಳಾದರೋ ವಿಜ್ಞಾನವೆಂದರೆ ಇಂಗ್ಲಿಷಿನ ಪುಸ್ತಕದಲ್ಲಿ, ಪರದೇಶದ ಪ್ರಯೋಗಶಾಲೆಯಲ್ಲಿ ಹುಟ್ಟಿ, ಪರೀಕ್ಷೆಯ ಹಾಳೆಯಲ್ಲಿ ಸಾಯುವ ವಸ್ತುವೆಂದು ತಿಳಿದಿದ್ದಾರೆ. ಕೊಟ್ಟೂರಿನ ಹೊರವಲಯದಲ್ಲಿ, ರಸ್ತೆಯ ಬದಿಗೆ, ಯಾರೂ ನೆಡದ ಎಕ್ಕದ ಗಿಡಗಳು ಬೇಕಾದಷ್ಟಿವೆ. ಅದರ ಹಾಲಿಗೆ ಹೆದರಿ ದನಕರು ಬಾಯಿ ಹಾಕುವುದಿಲ್ಲ. ಆ ಎಲೆಯನ್ನೇ ಮೇಯ್ದು ಬದುಕುವ, ಹಳದಿನೀಲಿ ಪಟ್ಟೆಯ ಒಂದು ಮಿಡತೆಯುಂಟು. ಮಕ್ಕಳು ಅದನ್ನು ಹಿಡಿದು ಆಡುತ್ತಾರೆ. ಅದರ ಗಂಡಿನಲ್ಲಿ ಹತ್ತೊಂಬತ್ತು ವರ್ಣತಂತುಗಳು: ಒಂಬತ್ತು ಜೋಡಿ, ಒಂದು ಒಂಟಿ. ಭಾರತದ ಕೋಶವಿಜ್ಞಾನಿಗಳು ಅದನ್ನು ಬಹುಕಾಲದಿಂದ ತಮ್ಮ ಗಾಜಿನ ಪಟ್ಟಿಯ ಮೇಲೆ ಓದುತ್ತಿದ್ದಾರೆ. ಒಂದು ಸಾಧಾರಣ ಸೂಕ್ಷ್ಮದರ್ಶಕ, ಒಂದಿಷ್ಟು ಬಣ್ಣ, ತಾಳ್ಮೆಯುಳ್ಳ ಒಬ್ಬ ಮೇಷ್ಟ್ರು ಇದ್ದರೆ, ಯಾನ್ಸೆನ್ಸ್ ಕಂಡ ಕತ್ತರಿಗಳನ್ನು ನಮ್ಮ ತಾಲ್ಲೂಕಿನ ಹುಡುಗಿಯೊಬ್ಬಳು ಎಕ್ಕದ ಮಿಡತೆಯಲ್ಲಿ ಎಣಿಸಬಹುದು. ಎಣಿಸಿದ್ದನ್ನು ಕನ್ನಡದಲ್ಲಿಯೇ ಬರೆದಿಡಬಹುದು.